ಗೇಮಿನ ಚಿತ್ರ ಬರೆದವರು ಯಾರು?

ನಮ್ಮ ಕಾಲೇಜಿನಲ್ಲಿ ಎಐ ಮಾತು ಬಂದರೆ ಎರಡೇ ಗುಂಪು. ಒಂದು ಗುಂಪು ‘ಇನ್ನು ಚಿತ್ರಗಾರರ ಕಥೆ ಮುಗೀತು’ ಅನ್ನುತ್ತದೆ. ಇನ್ನೊಂದು ‘ಕ್ಯಾಲ್ಕ್ಯುಲೇಟರ್ ಬಂದ ಮೇಲೆ ಲೆಕ್ಕ ಮುಗೀತಾ?’ ಎಂದು ಕೇಳುತ್ತದೆ. ವಾಣಿಜ್ಯ ವಿಭಾಗದವಳಾದ ನನಗೆ ಇಬ್ಬರೂ ಒಂದು ಕಾಲಂ ಖಾಲಿ ಬಿಟ್ಟಂತೆ ಕಾಣುತ್ತದೆ. ಕಚ್ಚಾ ಮಾಲು ಎಲ್ಲಿಂದ ಬಂತು, ಅದಕ್ಕೆ ಎಷ್ಟು ಕೊಟ್ಟರು ಎಂಬ ಕಾಲಂ.

ಅಮೆರಿಕದ ಕೊಲೊರಾಡೊದಲ್ಲಿ ಜೇಸನ್ ಅಲೆನ್ ಎಂಬುವರು ಮೇಜಿನ ಮೇಲೆ ಆಡುವ ಆಟಗಳ ಕಂಪನಿ ನಡೆಸುತ್ತಿದ್ದರು. 2022ರಲ್ಲಿ ಮಿಡ್‌ಜರ್ನಿ ಎಂಬ ಎಐ ಸಾಧನದಿಂದ ಮಾಡಿದ ಚಿತ್ರವನ್ನು ಅಲ್ಲಿನ ರಾಜ್ಯ ಜಾತ್ರೆಯ ಸ್ಪರ್ಧೆಗೆ ಕೊಟ್ಟರು. ಡಿಜಿಟಲ್ ಕಲೆ ವಿಭಾಗದಲ್ಲಿ ಮೊದಲ ಬಹುಮಾನ, 300 ಡಾಲರ್ ಬಂತು. ಅವರೇನೂ ಮುಚ್ಚಿಟ್ಟಿರಲಿಲ್ಲ. ಹೆಸರಿನ ಜೊತೆ ‘ಮಿಡ್‌ಜರ್ನಿ ಮೂಲಕ’ ಎಂದೇ ಬರೆದಿದ್ದರು. ಆದರೆ ಮಿಡ್‌ಜರ್ನಿ ಎಂದರೆ ಏನೆಂದು ತೀರ್ಪುಗಾರರಿಗೇ ಗೊತ್ತಿರಲಿಲ್ಲ! ಮುಂದೆ ಆ ಚಿತ್ರದ ಹಕ್ಕುಸ್ವಾಮ್ಯ ಕೇಳುವಾಗ, ಕನಿಷ್ಠ 624 ಸಲ ಸೂಚನೆ ತಿದ್ದಿ ತಿದ್ದಿ ಕೊಟ್ಟಿದ್ದೇನೆ ಎಂದು ಅಲೆನ್ ವಾದಿಸಿದರು. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಹಕ್ಕುಸ್ವಾಮ್ಯ ಕಚೇರಿ ಅದನ್ನು ಒಪ್ಪಲಿಲ್ಲ. ಆ ಶ್ರಮ ಸುಳ್ಳು ಎಂದು ನಾನು ಹೇಳುವುದಿಲ್ಲ. ದರ್ಜಿಯ ಮುಂದೆ ಕೂತು 624 ಸಲ ‘ಹೀಗೆ ಬೇಡ, ಹಾಗೆ ಹೊಲಿ’ ಎಂದವರು ದರ್ಜಿ ಆಗುವುದಿಲ್ಲ. ಆದರೆ ಅಷ್ಟು ಹೊತ್ತು ಕೂತದ್ದಂತೂ ನಿಜ.

ಈ ವಿಷಯ ನನಗೆ ದೂರದ್ದಲ್ಲ. ನನ್ನ ಮಾಮು ಹಿಂದೆ ಪೇಂಟರ್ ಆಗಿದ್ದರು. ಅಂಗಡಿ ಬೋರ್ಡುಗಳನ್ನು ಕನ್ನಡ, ಉರ್ದು ಎರಡರಲ್ಲೂ ಬರೆಯುತ್ತಿದ್ದರು. ಕಬ್ಬಿನ ಟ್ರೇಲರ್‌ಗಳ ಹಿಂದೆ ಹೂವು, ಹುಲಿ, ಮಾಲೀಕರ ಮಕ್ಕಳ ಹೆಸರು. ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸ ಹೋಯಿತು, ಟ್ರೇಲರ್ ಅಷ್ಟೇ ಉಳಿಯಿತು. ಅವರ ಮಗ, ನಾನು ಭಾಯ್ ಎಂದು ಕರೆಯುವವನು, ಮೊಬೈಲ್ ಗೇಮ್‌ಗಳಿಗೆ ಪಾತ್ರ, ಮರ, ಕೋಟೆ, ಕತ್ತಿ ಬರೆದು ಕೊಡುತ್ತಾನೆ. ಯಾವ ಕಂಪನಿಯ ನೌಕರನೂ ಅಲ್ಲ. ಚಿತ್ರಕ್ಕೆ ಇಷ್ಟು ಎಂದು ಹಣ.

ಅವನು ಎಐ ಬಳಸುತ್ತಾನೆ. ಹಿನ್ನೆಲೆಗೆ ಹತ್ತು ಮಾದರಿ ತೆಗೆದು, ಒಂದನ್ನು ಆರಿಸಿ, ಅದರ ಮೇಲೆ ತಾನೇ ಬರೆಯುತ್ತಾನೆ. ಯಂತ್ರ ಕೊಟ್ಟದ್ದನ್ನು ಹಾಗೇ ಗೇಮಿಗೆ ಹಾಕಲು ಬರುವುದಿಲ್ಲ. ಪಾತ್ರ ನಡೆಯಬೇಕಾದರೆ ಕೈ, ಕಾಲು, ತಲೆ ಬೇರೆ ಬೇರೆ ಪದರದಲ್ಲಿ ಇರಬೇಕು. ಎಡಕ್ಕೆ ನೋಡಿದ ಸಿಪಾಯಿ ಬಲಕ್ಕೆ ತಿರುಗಿದಾಗ ಅದೇ ಮುಖ, ಅದೇ ಗುಂಡಿ, ಅದೇ ಚಪ್ಪಲಿ ಇರಬೇಕು. ಎಐ ತಿರುಗಿಸಿದರೆ ಕೆಲವು ಸಲ ಬೇರೆ ಸಿಪಾಯಿಯೇ ಬರುತ್ತಾನೆ, ಬೆರಳು ಹೆಚ್ಚು ಕಡಿಮೆ ಆಗಿರುತ್ತವೆ. ಹೀಗೆ ತಿದ್ದಿ ತೀಡಿ ಎರಡು ದಿನದ ಕೆಲಸ ಒಂದೂವರೆ ದಿನಕ್ಕೆ ಬಂದಿದೆ ಎಂದು ಅವನೇ ಹೇಳುತ್ತಾನೆ. ಅದು ಲಾಭವೇ. ಆದರೆ ಅವನ ಹಳೆಯ ಗಿರಾಕಿ ದರವನ್ನು ಅರ್ಧಕ್ಕೆ ಇಳಿಸಿದ. ‘ಈಗ ಮಷೀನ್ ಮಾಡುತ್ತದಲ್ಲ?’ ಲೆಕ್ಕ ಹಾಕಿ ನೋಡಿ: ಸಮಯ ಕಾಲು ಭಾಗ ಇಳಿಯಿತು, ಕೂಲಿ ಅರ್ಧ ಇಳಿಯಿತು. ಮೇಲೆ ಆ ಸಾಧನದ ತಿಂಗಳ ಚಂದಾ ಭಾಯ್ ಜೇಬಿನಿಂದಲೇ.

‘ಹಾಗಾದರೆ ಎಐ ಬಿಟ್ಟುಬಿಡು ಭಾಯ್’ ಎಂದೆ. ಉರ್ದುವಿನಲ್ಲಿ ಅವನು ಹೇಳಿದ್ದನ್ನು ನಮ್ಮೂರ ಕನ್ನಡದಲ್ಲಿ ಬರೆಯುವುದಾದರೆ: ‘ನಾ ಬಿಟ್ರ ರೇಟ್ ಏರಂಗಿಲ್ಲ, ಕೆಲಸಾನ ಹೋಗ್ತದ.’

ಆದ್ದರಿಂದ ‘ಎಐ ಬಳಸುವ ಕಲಾವಿದ ಕಳ್ಳ’ ಎಂದು ಬೈಯುವವರ ಜೊತೆ ನಾನಿಲ್ಲ. ನನ್ನ ಪ್ರಶ್ನೆ ಅವನಿಗಿಂತ ಮೇಲಿನವರಿಗೆ. ಸ್ಟೇಬಲ್ ಡಿಫ್ಯೂಷನ್ ಎಂಬ ಸಾಧನಕ್ಕೆ ಚಿತ್ರ ಕಲಿಸಲು ಲೈಯಾನ್ ಎಂಬ ಸಂಗ್ರಹದ ಭಾಗಗಳನ್ನು ಬಳಸಿದರು. ಅಂತರ್ಜಾಲದ 585 ಕೋಟಿ ಚಿತ್ರಗಳ ಪಟ್ಟಿ ಅದು. ಚಿತ್ರ ಬರೆದವರನ್ನು ಯಾರೂ ಕೇಳಲಿಲ್ಲ. 2023ರ ಜನವರಿಯಲ್ಲಿ ಮೂವರು ಕಲಾವಿದರು ಅಮೆರಿಕದಲ್ಲಿ ಮೊಕದ್ದಮೆ ಹೂಡಿದರು. ಅವರಲ್ಲಿ ಕಾರ್ಲಾ ಓರ್ಟಿಜ್ ಸಿನಿಮಾ ಮತ್ತು ಗೇಮ್‌ಗಳಿಗೆ ಚಿತ್ರ ಬರೆಯುವವರು.

ನಮ್ಮೂರಿನ ಹೆಸರಲ್ಲೇ ಬೆಲ್ಲ ಇದೆ, ಆದ್ದರಿಂದ ಕಬ್ಬಿನ ಮಾತಿನಲ್ಲೇ ಹೇಳುತ್ತೇನೆ. ಕಬ್ಬು ಕಾರ್ಖಾನೆಗೆ ಹೋದರೆ ತೂಕದ ಚೀಟಿ ಸಿಗುತ್ತದೆ. ತೂಕದಲ್ಲಿ ಮೋಸ ಎಂದು ಜಗಳ ಆಗಬಹುದು, ಬಿಲ್ ತಡವಾಗಬಹುದು, ಆದರೆ ಕಬ್ಬು ಯಾರ ಹೊಲದ್ದು ಎಂಬ ಬಗ್ಗೆ ಜಗಳ ಇಲ್ಲ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3500 ರೂಪಾಯಿ ಬೇಕೆಂದು ರಸ್ತೆಯಲ್ಲಿ ಕೂತರು. ಕೊನೆಗೆ 3300 ರೂಪಾಯಿ ಎಂದು ತೀರ್ಮಾನವಾಯಿತು. 200 ಕಡಿಮೆ ಆಯಿತು ನಿಜ. ಆದರೆ ಕೇಳಲು ಕೈಯಲ್ಲಿ ಚೀಟಿ ಇತ್ತು. ಚಿತ್ರ ಬರೆದವರು ಯಾವ ಕ್ರಾಸಿನಲ್ಲಿ ಕೂಡಬೇಕು?

ಹೆಸರು ಕೊಟ್ಟು ಯಂತ್ರ ಮಾಡಲು ಬರುವುದಿಲ್ಲ ಎನ್ನುವವರಿಗೆ ನಮ್ಮ ಮನೆಯ ಭಾಷೆಯಿಂದಲೇ ಉದಾಹರಣೆ ಇದೆ. ಉರ್ದು ಪತ್ರಿಕೆಗಳನ್ನು ಬಹಳ ಕಾಲ ಕಾತಿಬರು ಕೈಯಲ್ಲೇ ಬರೆಯುತ್ತಿದ್ದರು. ಚೆನ್ನೈನ ‘ದಿ ಮುಸಲ್ಮಾನ್’ ಪತ್ರಿಕೆ 1927ರಿಂದ ಹಾಗೆ ಬಂದದ್ದು. 1980ರ ಹೊತ್ತಿಗೆ ಮಿರ್ಜಾ ಅಹ್ಮದ್ ಜಮೀಲ್ ಎಂಬ ಪಾಕಿಸ್ತಾನದ ಕಲಾವಿದರು ಸಾವಿರಾರು ಕೂಡಕ್ಷರಗಳನ್ನು ತಮ್ಮ ಕೈಯಿಂದ ಬರೆದು ಕಂಪ್ಯೂಟರಿಗೆ ಕೊಟ್ಟರು. ಅದೇ ನೂರಿ ನಸ್ತಾಲೀಖ್. ಅವರ ತಂದೆ ನೂರ್ ಅಹ್ಮದ್ ಅವರ ಹೆಸರು ಅಕ್ಷರಕ್ಕೆ ಬಂತು. ಆ ಅಕ್ಷರ ಬಂದು ಎಷ್ಟೋ ಕಾತಿಬರ ಕೆಲಸ ಹೋಯಿತು, ಅದನ್ನು ಮರೆಯಲು ಆಗುವುದಿಲ್ಲ. ಆದರೂ ಇದು ಯಾರ ಕೈಬರಹ ಎಂದು ಇವತ್ತಿಗೂ ಹೇಳಬಹುದು. ಮಿಡ್‌ಜರ್ನಿಯ ಕೋಟೆಯನ್ನು ತೋರಿಸಿ ‘ಇದು ಯಾರ ಕೈ?’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.

ಇನ್ನೊಂದು ಬದಿಯೂ ಇದೆ. 2025ರಲ್ಲಿ ಕನ್ನಡದಲ್ಲಿ ‘ಲವ್ ಯೂ’ ಎಂಬ ಚಿತ್ರ ಬಂತು. ನರಸಿಂಹಮೂರ್ತಿ ಅವರು ಎಐ ಸಾಧನಗಳಿಂದ ಸುಮಾರು 10 ಲಕ್ಷ ರೂಪಾಯಿಯಲ್ಲಿ ಮಾಡಿದ ಸಿನಿಮಾ. ನಟರೂ ಇಲ್ಲ, ಕ್ಯಾಮೆರಾನೂ ಇಲ್ಲ. 10 ಲಕ್ಷಕ್ಕೆ ಇಡೀ ಸಿನಿಮಾ ಎಂದರೆ, ಹಣ ಇಲ್ಲದ ಊರಿನ ಹುಡುಗ ಹುಡುಗಿಯರಿಗೂ ಬಾಗಿಲು ತೆರೆದಂತೆ. ಒಬ್ಬನೇ ಕೂತು ಗೇಮ್ ಮಾಡುವವನಿಗೆ ಸಂಗೀತಕ್ಕೆ, ಚಿತ್ರಕ್ಕೆ ಬೇರೆ ಬೇರೆಯವರನ್ನು ಇಟ್ಟುಕೊಳ್ಳಲು ಎಲ್ಲಿ ಆಗುತ್ತದೆ? ಅದಕ್ಕೇ ನಿಷೇಧ ಬೇಡ ಎನ್ನುತ್ತೇನೆ. ಹೇಳಿ ಬಳಸಲಿ.

ಹೇಳದಿದ್ದರೆ ಏನಾಗುತ್ತದೆ ಎಂಬುದನ್ನು 2025ರ ಡಿಸೆಂಬರ್ ತೋರಿಸಿತು. ಫ್ರಾನ್ಸಿನ ಸ್ಯಾಂಡ್‌ಫಾಲ್ ಸಂಸ್ಥೆಯ ‘ಕ್ಲೇರ್ ಅಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33’ ಗೇಮಿಗೆ ಕೊಟ್ಟ ಎರಡು ಪ್ರಶಸ್ತಿಗಳನ್ನು ಇಂಡಿ ಗೇಮ್ ಅವಾರ್ಡ್ಸ್‌ನವರು ವಾಪಸ್ ಪಡೆದರು. ತಾತ್ಕಾಲಿಕವಾಗಿ ಹಾಕಿದ ಕೆಲವು ಎಐ ಚಿತ್ರಗಳು ಗೇಮಿನಲ್ಲೇ ಉಳಿದಿದ್ದವು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೆಗೆದೂ ಹಾಕಿದ್ದರು. ಇಷ್ಟಕ್ಕೇ ಪ್ರಶಸ್ತಿ ಹೋಗಬೇಕಿತ್ತೇ ಎಂದು ಬಹಳ ಜನ ಕೇಳಿದರು. ಆದರೆ ಎಐ ಇರಬಾರದು ಎಂಬ ನಿಯಮ ಇತ್ತು, ಬಳಸಿಲ್ಲ ಎಂದು ಸಂಸ್ಥೆಯವರು ಹೇಳಿದ್ದರು. ಪ್ರಶಸ್ತಿ ಹೋದದ್ದು ಆ ಮಾತಿಗೆ ಎಂದೇ ನನ್ನ ಅಭಿಪ್ರಾಯ. ಗೇಮ್ ಮಾರುವ ಸ್ಟೀಮ್ ತಾಣ 2024ರ ಜನವರಿಯಲ್ಲೇ, ಎಐ ಬಳಸಿದ್ದರೆ ತಿಳಿಸಬೇಕು ಎಂಬ ನಿಯಮ ತಂದಿದೆ. ಕೊಳ್ಳುವವರು ಓದಿಕೊಂಡು ಕೊಳ್ಳಬಹುದು, ಬಿಸ್ಕತ್ತಿನ ಪೊಟ್ಟಣದ ಹಿಂದೆ ಓದಿದ ಹಾಗೆ.

ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರಿನಿಂದ ಉಂಟಾದ ಕೃತಿಯ ಬಗ್ಗೆ ಒಂದು ಸಾಲಿದೆ. ಅದನ್ನು ಉಂಟುಮಾಡಿಸಿದ ವ್ಯಕ್ತಿಯೇ ಕರ್ತೃ. ಈ ಸಾಧನಗಳು ಬರುವ ಎಷ್ಟೋ ಮೊದಲು ಬರೆದ ಸಾಲು. ಈಗ ಉಂಟುಮಾಡಿಸಿದವರು ಯಾರು? ಸೂಚನೆ ಬರೆದ ನನ್ನ ಭಾಯ್‌ಯೇ? ‘ಒಂದು ಕೋಟೆ ಬೇಕು’ ಎಂದ ಗಿರಾಕಿಯೇ? ಯಂತ್ರ ಕಟ್ಟಿದ ಕಂಪನಿಯೇ? 585 ಕೋಟಿ ಚಿತ್ರಗಳನ್ನು ಬರೆದವರ ಹೆಸರಂತೂ ಈ ಪಟ್ಟಿಯಲ್ಲೇ ಇಲ್ಲ.

ಕಾಯ್ದೆ ತಿದ್ದುವುದು ನಮ್ಮ ಕೈಯಲ್ಲಿಲ್ಲ. ಕಾಲೇಜಿನ ವಾರ್ಷಿಕ ಸಂಚಿಕೆಯ ಮುಖಪುಟ ನಮ್ಮ ಕೈಯಲ್ಲಿದೆ. ಸಂಪಾದಕ ಮಂಡಳಿಯ ಸರ್ ಮತ್ತು ಮೇಡಂ ಅವರಲ್ಲಿ ನನ್ನ ವಿನಂತಿ: ಮುಖಪುಟಕ್ಕೆ ಚಿತ್ರ ಕೊಡುವವರ ಅರ್ಜಿಯಲ್ಲಿ ಎರಡು ಸಾಲು ಹೆಚ್ಚಿಗೆ ಇರಲಿ. ಯಾವ ಸಾಧನ ಬಳಸಿದಿರಿ, ಯಾವ ಭಾಗ ನಿಮ್ಮ ಕೈಯದು. ಕೈಯಿಂದ ಬರೆದವರನ್ನೂ ಎಐ ಬಳಸಿದವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಅಂಕ ಕೊಡುವುದು ಬೇಡ, ಎರಡು ವಿಭಾಗ ಮಾಡಿ. ಕೊನೆಯ ದಿನಾಂಕ ಪ್ರಕಟಿಸುವ ಮೊದಲು ಇದನ್ನು ನೋಟಿಸ್ ಬೋರ್ಡಿಗೆ ಹಾಕಿದರೆ ಒಳ್ಳೆಯದು, ಏಕೆಂದರೆ ದ್ವಿತೀಯ ಪಿಯುಸಿಯ ಕೆಲವರು ಆಗಲೇ ಚಿತ್ರ ಶುರು ಮಾಡಿದ್ದಾರೆ.