ಲೆಕ್ಕ ಬೇಕು, ಚಾಡಿ ಬೇಡ

ನಮ್ಮ ಸಂಘದ ವೆಬ್‌ಸೈಟಿಗೆ ಎಷ್ಟು ಜನ ಬರುತ್ತಾರೆ, ಏನು ಓದುತ್ತಾರೆ ಎಂದು ಎಣಿಸಬೇಕೆಂಬ ಸಲಹೆ ಬಂದಿದೆ. ಧಾರಾಳವಾಗಿ ಎಣಿಸೋಣ. ದೀಪಾವಳಿ ಕಾರ್ಯಕ್ರಮದ ಪುಟವನ್ನು ಯಾರೂ ತೆರೆಯದಿದ್ದರೆ ಅದು ಸಮಿತಿಗೆ ತಿಳಿಯಲೇಬೇಕು. ಆದರೆ "ಗೂಗಲ್ ಅನಲಿಟಿಕ್ಸ್ ಹಾಕಿಬಿಡೋಣ, ಪುಕ್ಕಟೆ ತಾನೆ?" ಎಂಬ ಮಾತಿಗೆ ನಮ್ಮ ಬಲವಾದ ವಿರೋಧವಿದೆ.

2005ರಲ್ಲಿ ಗೂಗಲ್ ಸಂಸ್ಥೆ ಅರ್ಚಿನ್ ಎಂಬ ಕಂಪನಿಯನ್ನು ಕೊಂಡು, ಅದೇ ವರ್ಷ ಈ ಸೇವೆಯನ್ನು ಪುಕ್ಕಟೆ ಕೊಡತೊಡಗಿತು. ಜಾಹೀರಾತಿನಿಂದ ಬದುಕುವ ಕಂಪನಿ ಧರ್ಮಛತ್ರ ನಡೆಸುವುದಿಲ್ಲ. ನಮ್ಮ ಪುಟ ತೆರೆದ ಪ್ರತಿಯೊಬ್ಬರ ಬ್ರೌಸರ್ ಅವರ ಸರ್ವರಿಗೆ ವರದಿ ಒಪ್ಪಿಸುತ್ತದೆ. ಹಾಗೆ ಒಪ್ಪಿಸಿ ಎಂದು ನಮ್ಮ ಸದಸ್ಯರು ಹೇಳಿದ್ದು ಯಾವಾಗ?

ರೋಗಿಯ ವಿಷಯ ಕೋಣೆಯಿಂದಾಚೆ ಹೋಗಬಾರದು ಎಂಬುದು ವೈದ್ಯರಾದ ನಾವು ಕಲಿತ ಮೊದಲ ಪಾಠ. 2022ರ ಜೂನ್‌ನಲ್ಲಿ 'ದಿ ಮಾರ್ಕಪ್' ಪತ್ರಿಕೆ ಅಮೆರಿಕದ 100 ಹೆಸರಾಂತ ಆಸ್ಪತ್ರೆಗಳ ವೆಬ್‌ಸೈಟುಗಳನ್ನು ಪರೀಕ್ಷಿಸಿತು. 33ರಲ್ಲಿ ಮೆಟಾ ಪಿಕ್ಸೆಲ್ ಎಂಬ ಪುಕ್ಕಟೆ ಗೂಢಚಾರ ಕುಳಿತಿತ್ತು. ಡಾಕ್ಟರ ಅಪಾಯಿಂಟ್‌ಮೆಂಟಿಗೆ ಬಟನ್ ಒತ್ತಿದರೆ ಸುದ್ದಿ ಫೇಸ್‌ಬುಕ್ಕಿಗೆ! ಕಾನೂನು, ವಕೀಲರು ಎಲ್ಲ ಇರುವ ಆಸ್ಪತ್ರೆಗಳ ಗತಿಯೇ ಹೀಗಾದರೆ, ಆರೋಗ್ಯ ಶಿಬಿರ, ಹಿರಿಯರ ನೆರವು, ವಧೂವರರ ಮಾಹಿತಿಗೆಲ್ಲ ಪುಟ ತೆರೆಯುವ ನಾವು ಎಷ್ಟರವರು?

ಬೇರೆ ದಾರಿ ಇದೆ, ಕಷ್ಟದ್ದೂ ಅಲ್ಲ. ಡೆಬಿಯನ್ ಲಿನಕ್ಸ್ ಇರುವ ಒಂದು ಪುಟ್ಟ ಬಾಡಿಗೆ ಸರ್ವರ್ ತಿಂಗಳಿಗೆ ಹತ್ತು ಡಾಲರಿನೊಳಗೆ ಸಿಗುತ್ತದೆ. ಅದರಲ್ಲಿ ಗೋಟ್‌ಕೌಂಟರ್ ಎಂಬ ಮುಕ್ತ ತಂತ್ರಾಂಶ ಹಾಕಿದರೆ ಸಾಕು. ಇಡೀ ಪ್ರೋಗ್ರಾಂ ಒಂದೇ ಫೈಲು. ಲೆಕ್ಕವೆಲ್ಲ ಒಂದು ಎಸ್‌ಕ್ಯೂಲೈಟ್ ಫೈಲಿನಲ್ಲಿ. ಕುಕಿ ಇಲ್ಲ, ಓದುಗರ ಐಪಿ ವಿಳಾಸ ಬರೆದಿಡುವುದಿಲ್ಲ. ಅದನ್ನು ರೂಟ್ ಅಧಿಕಾರದಲ್ಲಿ ಓಡಿಸದೆ ಪ್ರತ್ಯೇಕ ಬಳಕೆದಾರನ ಹೆಸರಿನಲ್ಲಿ ಓಡಿಸಬೇಕು. ಮುಂದೆ ಎನ್‌ಜಿನ್‌ಎಕ್ಸ್ ನಿಲ್ಲಿಸಿ, ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಉಚಿತ ಪ್ರಮಾಣಪತ್ರ ಪಡೆಯಬೇಕು. ಆಮೇಲೆ ನಮ್ಮ ಪುಟಗಳಿಗೆ ಒಂದು ಸಾಲು ಸೇರಿಸಿದರೆ ಎಣಿಕೆ ಶುರು. ದೇಶ, ಪರದೆಯ ಅಳತೆ ಮುಂತಾದವು ಬೇಡವೆಂದರೆ ಸೆಟಿಂಗ್ಸ್‌ನಲ್ಲಿ ಆರಿಸಬಹುದು.

ಸ್ವಂತ ಸರ್ವರ್ ಎಂದ ಮಾತ್ರಕ್ಕೆ ಮಡಿ ಉಳಿಯಿತು ಎನ್ನುವಂತಿಲ್ಲ. ಎನ್‌ಜಿನ್‌ಎಕ್ಸ್ ತನ್ನ ಲಾಗ್ ಫೈಲಿನಲ್ಲಿ ಪ್ರತಿಯೊಬ್ಬರ ಐಪಿ ವಿಳಾಸವನ್ನು ಬರೆದಿಡುತ್ತದೆ. ಅದನ್ನು ಕೆಲವೇ ದಿನಗಳಲ್ಲಿ ಅಳಿಸುವ ವ್ಯವಸ್ಥೆ ಮಾಡದಿದ್ದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ. ಬ್ಯಾಕಪ್ ಬೇಕು, ಕಾಲಕಾಲಕ್ಕೆ ಅಪ್‌ಡೇಟ್ ಬೇಕು.

"ಇದನ್ನೆಲ್ಲ ನೋಡಿಕೊಳ್ಳುವವರು ಯಾರು?" ಎಂಬ ಪ್ರಶ್ನೆ ನಮಗೆ ನಗು ತರಿಸುತ್ತದೆ. ಹಗಲೆಲ್ಲ ದೊಡ್ಡ ಕಂಪನಿಗಳ ಸರ್ವರ್ ಕಾಯುವವರಿಗೆ ನಮ್ಮ ಸಂಘದಲ್ಲಿ ಬರವೆ? ನಾಟಕಕ್ಕೆ ಪರದೆ ಕಟ್ಟಲು, ನೂರು ಜನಕ್ಕೆ ಬಿಸಿಬೇಳೆಬಾತ್ ಮಾಡಲು ಸ್ವಯಂಸೇವಕರು ಸಿಗುತ್ತಾರೆ. ತಿಂಗಳಿಗೆ ಒಂದು ಗಂಟೆಯ ಈ ಕೆಲಸಕ್ಕೆ ಸಿಗುವುದಿಲ್ಲವೆ?

ಮುಂದಿನ ಸಮಿತಿ ಸಭೆಯಲ್ಲಿ ಇದನ್ನು ಚರ್ಚಿಸಬೇಕೆಂದು ವಿನಂತಿ. ಒಂದು ಶನಿವಾರ ಕೊಡಬಲ್ಲ ಇಬ್ಬರು ಮುಂದೆ ಬರಲಿ. ಮೊದಲ ವರ್ಷದ ಬಾಡಿಗೆ ನಮ್ಮದು. ಉಪ್ಪಿಟ್ಟು ಕಾಫಿಯೂ ನಮ್ಮ ಮನೆಯದೇ.