ಯಾವ ಮೂಲ, ಸ್ವಾಮಿ?

'ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ'ಯ 2005ರ ಸಿನಿಮಾ ಮೂಲ ಕಾದಂಬರಿಗೆ ದ್ರೋಹ ಬಗೆದಿದೆ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಕಿಡಿಕಾರಿದ್ದಾರೆ. ಯಾವ ಮೂಲ? ಕಥೆ ಹುಟ್ಟಿದ್ದೇ 1978ರಲ್ಲಿ, ಬಿಬಿಸಿ ರೇಡಿಯೊ 4ರ ನಾಟಕವಾಗಿ. ಕಾದಂಬರಿ ಬಂದದ್ದು ಮರುವರ್ಷ. ಅದೇ ಒಂದು ರೂಪಾಂತರ! ಆಮೇಲೆ 1981ರ ಟಿವಿ ಸರಣಿ, 1984ರ ಕಂಪ್ಯೂಟರ್ ಆಟ. ಪ್ರತಿ ಸಲವೂ ಡಗ್ಲಸ್ ಆಡಮ್ಸ್ ತಮ್ಮ ಕಥೆಯನ್ನು ತಾವೇ ಕೆಡವಿ ಕಟ್ಟಿದರು.

ಹುಮ್ಮಾ ಕವುಲ ಹಾಲಿವುಡ್ ತುರುಕಿದ ಪಾತ್ರವಂತೆ. ಅಲ್ಲ. 2001ರಲ್ಲಿ ತೀರಿಕೊಳ್ಳುವ ಮುನ್ನ ಆಡಮ್ಸ್ ಅವರೇ ಸಿನಿಮಾಕ್ಕೆಂದು ಸೃಷ್ಟಿಸಿದ ಪಾತ್ರವದು. ಸಪ್ಪೆ ಎನ್ನಿ, ಒಪ್ಪುತ್ತೇನೆ; ಬೈಗುಳ ಮಾತ್ರ ಸರಿಯಾದ ವಿಳಾಸಕ್ಕೆ ಹೋಗಲಿ.

ಹೋಲಿಸಬೇಕಾದ್ದು ಬೇರೆಯೇ ಇದೆ. ಕಥೆಯ ಎರಡು ತಲೆಯ ಪಾತ್ರ ಜೇಫೋಡ್‌ನ ಎರಡನೇ ತಲೆ ರೇಡಿಯೊದಲ್ಲಿ ಬರೀ ಮಾತಿನ ತಮಾಷೆ, ಬಿಡಿಗಾಸು ಖರ್ಚಿಲ್ಲ. ತೋರಿಸಲೇಬೇಕಾದ ಟಿವಿಯವರು ನಟನ ಹೆಗಲಿಗೆ ಯಂತ್ರದ ತಲೆ ಕಟ್ಟಿದರು. ಪಾಪ, ಅದು ಎಷ್ಟೋ ಸಲ ಸುಮ್ಮನೆ ಜೋತುಬಿದ್ದಿರುತ್ತಿತ್ತು. ಸಿನಿಮಾ ಅದನ್ನು ಗದ್ದದ ಕೆಳಗೆ ಬಚ್ಚಿಟ್ಟಿತು. ಅದೇ ಬಡ ಟಿವಿ, ಕಥೆಯೊಳಗಿನ ಎಲೆಕ್ಟ್ರಾನಿಕ್ ಪುಸ್ತಕವಾದ ಗೈಡ್‌ನ 'ಕಂಪ್ಯೂಟರ್' ಪುಟಗಳನ್ನು ಕೈಯಲ್ಲಿ ಬಿಡಿಸಿದ ಆನಿಮೇಷನ್‌ನಿಂದಲೇ ನಂಬಿಸಿಬಿಟ್ಟಿತು! ನನ್ನ ಮತ ಈಗಲೂ ರೇಡಿಯೊಗೇ: ಏನೂ ಆಗಿಲ್ಲವೆಂಬಂತೆ ಪ್ರಳಯದ ಸುದ್ದಿ ಹೇಳುವ ನಿರೂಪಕ ಪೀಟರ್ ಜೋನ್ಸ್ ದನಿಯ ಮುಂದೆ ಸಿನಿಮಾದ ನಿರೂಪಕ ಸ್ಟೀಫನ್ ಫ್ರೈ ಕೂಡ ನಗಿಸಲು ಹೊರಟವರಂತೆ ಕೇಳಿಸುತ್ತಾರೆ.