ಪಾಲಿಹೌಸ್‌ಗೆ ಕಿಂಡಿಯುಂಟು, ಭೂಮಿಗಿಲ್ಲ

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಗುಲಾಬಿ, ದೊಣ್ಣೆ ಮೆಣಸಿನಕಾಯಿ ಬೆಳೆಯುವ ಪಾಲಿಹೌಸ್‌ನೊಳಗೆ ಮಧ್ಯಾಹ್ನ ಕಾಲಿಟ್ಟರೆ ಅಂಗಿ ಮೈಗಂಟುತ್ತದೆ. ಪಾರದರ್ಶಕ ಹಾಳೆ ದಾಟಿ ಬಂದ ಬಿಸಿಲು ಮಣ್ಣು, ಗಿಡಗಳನ್ನು ಕಾಯಿಸುತ್ತದೆ. ಅವುಗಳಿಂದ ಬಿಸಿಯಾದ ಗಾಳಿಗೆ ಮೇಲೇರಿ ಹೋಗಲು ದಾರಿಯಿಲ್ಲ. ಸೆಕೆ ಮಿತಿಮೀರಿದರೆ ರೈತರು ಪಕ್ಕದ ಪರದೆ ಸುತ್ತಿ ಮೇಲೆತ್ತುತ್ತಾರೆ, ಚಾವಣಿಯ ಕಿಂಡಿಯಿಂದ ಬಿಸಿಗಾಳಿ ಹೊರಟುಹೋಗುತ್ತದೆ.

ಭೂಮಿಯ ಹಸಿರುಮನೆ ಪರಿಣಾಮ ಹೀಗಲ್ಲ. ಮಕ್ಕಳಿಗೆ ಎರಡನ್ನೂ ಒಂದೇ ಚಿತ್ರದಲ್ಲಿ ತೋರಿಸಿ ಪಾಠ ಮುಗಿಸುವುದು ಸರಿಯಲ್ಲ. ವಾತಾವರಣದಲ್ಲಿ ಗಾಳಿಯನ್ನು ತಡೆಯುವ ಹಾಳೆಯಿಲ್ಲ. ಕಾದ ನೆಲ ಸೂಸುವ ಅವಗೆಂಪು ಕಿರಣಗಳನ್ನು ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್‌ಗಳು ಹೀರಿ, ಒಂದು ಪಾಲನ್ನು ಮತ್ತೆ ನೆಲದತ್ತಲೇ ಕಳಿಸುತ್ತವೆ. ಇದು ಮೂಲತಃ ವರವೇ. ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣಾಂಶ ಸುಮಾರು 15 ಡಿಗ್ರಿ ಸೆಲ್ಸಿಯಸ್ ಇರುವ ಬದಲು ಮೈನಸ್ 18ರ ಆಸುಪಾಸಿನಲ್ಲಿರುತ್ತಿತ್ತು.

ಅಮೆರಿಕದ ವಿಜ್ಞಾನಿ ಯೂನಿಸ್ ಫೂಟ್ 1856ರಲ್ಲೇ ಗಾಜಿನ ಕೊಳವೆಗಳನ್ನು ಬಿಸಿಲಿಗಿಟ್ಟು ನೋಡಿದ್ದರು. ಇಂಗಾಲದ ಡೈಆಕ್ಸೈಡ್ ತುಂಬಿದ ಕೊಳವೆ ಹೆಚ್ಚು ಕಾಯಿತು, ನೆರಳಿಗಿಟ್ಟರೂ ಬೇಗ ಆರಲಿಲ್ಲ. ಗಾಳಿಯಲ್ಲಿ ಈ ಅನಿಲ ಹೆಚ್ಚಿದರೆ ಭೂಮಿ ಬಿಸಿಯಾದೀತೆಂದು ಆಕೆ ಆಗಲೇ ಬರೆದರು. ಆ ಕಾಲಕ್ಕೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 285 ಭಾಗವಿದ್ದ ಈ ಅನಿಲ ಈಗ 420 ದಾಟಿದೆ. ಕಾರಣ, ಮುಖ್ಯವಾಗಿ ನಾವು ಸುಟ್ಟ ಕಲ್ಲಿದ್ದಲು, ತೈಲ ಮತ್ತು ಕಡಿದ ಕಾಡು.

ಪಾಲಿಹೌಸ್‌ನಂತೆ ತೆರೆಯಲು ವಾತಾವರಣಕ್ಕೆ ಕಿಂಡಿಯಿಲ್ಲ; ಸೇರಿದ ಅನಿಲದ ಗಣನೀಯ ಪಾಲು ಶತಮಾನಗಳ ಕಾಲ ಅಲ್ಲೇ ಉಳಿಯುತ್ತದೆ. ಹಾಗಾಗಿ ಪಾವಗಡದಲ್ಲಿ ಸೌರ ವಿದ್ಯುತ್ ಉತ್ಪಾದಿಸಿ ತೋರಿಸಿರುವ ನಮ್ಮ ರಾಜ್ಯವು ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಸ್ಥಾವರಗಳ ಮೇಲಿನ ಅವಲಂಬನೆಯನ್ನು ಇನ್ನಷ್ಟು ಬೇಗ ತಗ್ಗಿಸಬೇಕು.